ಬೆಣ್ಣೆ ನೆಕ್ಕಿದ ಕಾಳ್ಯಾನ ಪಿತ್ತಕೋಶ

1976ರ ಚಳಿಗಾಲದಲ್ಲಿ ನಾನು ಇಂಡಿ ಪಟ್ಟಣದಲ್ಲಿ ಪಶುವೈದ್ಯೆಯಾಗಿದ್ದೆ. ಕಾನ್ವೆಂಟಿನಲ್ಲಿ ಓದಿದ ಹುಡುಗಿ ಎಮ್ಮೆಗೆ ಇಂಜೆಕ್ಷನ್ ಕೊಡುವುದನ್ನು ನೋಡಲೆಂದೇ ಜನ ಬರುತ್ತಿದ್ದರು. ಲವ್ಲಿ ಡೇಸ್, ಈಗ ಅನ್ನಿಸುತ್ತದೆ.

ಝಳಕಿ ಕಡೆಯ ಕುರಿಗಾರ ಬೀರಪ್ಪ, ಹೆಂಡತಿ ಗಂಗವ್ವನೊಡನೆ, ತನ್ನ ನಾಯಿ ಕಾಳ್ಯಾನನ್ನು ಹೊತ್ತು ತಂದ. ಹಳದಿ ವಾಂತಿ, ಬಲಪಕ್ಕೆಯ ಕೆಳಗೆ ಒತ್ತಿದರೆ ಚೀರುತ್ತಿತ್ತು. ಪಿತ್ತಕೋಶದ ಕಲ್ಲಿರಬಹುದೇ ಎಂದು ನನಗೆ ಅನುಮಾನ. ಹಾಗಿದ್ದರೆ ಅದರ ಆಪರೇಷನ್ ನಮ್ಮಲ್ಲಿ ಸಾಧ್ಯವಿರಲಿಲ್ಲ. ನರಳದಂತೆ ಸೂಜಿ ಚುಚ್ಚಿ ಶಾಶ್ವತವಾಗಿ ಮಲಗಿಸುವುದೊಂದೇ ದಾರಿ.

ಆಗ ಸ್ಕ್ಯಾನಿಂಗ್ ಎಲ್ಲಿತ್ತು? ಅಯೋಡಿನ್ ಮಾತ್ರೆ ನುಂಗಿಸಿದರೆ ಅದು ಲಿವರ್ ದಾಟಿ ಪಿತ್ತಕೋಶ ಸೇರಿ, ಮರುದಿನ ಎಕ್ಸ್-ರೇಯಲ್ಲಿ ಬೆಳ್ಳಗೆ ಕಾಣುತ್ತದೆ. ಕಲ್ಲಿದ್ದರೆ ಬಿಳುಪಿನಲ್ಲಿ ಕಪ್ಪು ಚುಕ್ಕೆ. ಏನೂ ಕಾಣದಿದ್ದರೆ ರೋಗ ಬಲಿತಿದೆ ಎಂಬ ಶಂಕೆ. ರವಿವಾರ ಸಂಜೆ ಮಾತ್ರೆ ಕೊಟ್ಟು, ಉಪವಾಸ ಇಡಿ ಎಂದೆ.

ಊರಲ್ಲಿದ್ದ ಎಕ್ಸ್-ರೇ ಯಂತ್ರ ಒಬ್ಬ ಖಾಸಗಿ ಡಾಕ್ಟರರದು.

“ನನ್ನ ಟೇಬಲ್ ಮ್ಯಾಗ ನಾಯಿ ಮಲಗಿಸಿದ್ರ ಪೇಷಂಟ್ ಬರ್ತಾರೇನ್ರಿ?”

“ನಿಮ್ಮ ಪೇಷಂಟ್‌ಗಳಿಗಿಂತ ಇದಕ್ಕೆ ಡಿಸಿಪ್ಲಿನ್ ಜಾಸ್ತಿ, ಡಾಕ್ಟರ್,” ಎಂದೆ. ನಕ್ಕು ಒಪ್ಪಿದರು.

ಸೋಮವಾರದ ಫಿಲ್ಮ್‌ನಲ್ಲಿ ಪಿತ್ತಕೋಶವೇ ಕಾಣಲಿಲ್ಲ. ಸೂಜಿಯ ವಿಷಯ ಹೇಳಿದೆ. ಬೀರಪ್ಪ ನಾಯಿಯ ಕಿವಿ ಸವರುತ್ತ ಕೂತ. ಗಂಗವ್ವ ಮಾತ್ರ ಒಪ್ಪಲಿಲ್ಲ.

“ಮೈಲಾರಲಿಂಗ ತನ್ನ ನಾಯಿನ್ನ ಕೈಬಿಡಾಂಗಿಲ್ರಿ ಬಾಯಾರ. ನಾಯಿ ಅಂದ್ರ ಅವನ ಬಂಟ. ನಿನ್ನಿ ರವಿವಾರ, ಅವನ ವಾರ. ರಾತ್ರಿ ನೈವೇದ್ಯ ಮೊದಲ ಇದಕ್ಕ ಮುಟ್ಟಿಸೇವಿ.”

“ಏನು ನೈವೇದ್ಯ?”

“ರೊಟ್ಟಿ, ಬೆಣ್ಣಿ. ರೊಟ್ಟಿ ಬಿಟ್ಟು ಬೆಣ್ಣಿ ನೆಕ್ಕಿತ್ರಿ.”

“ಉಪವಾಸ ಅಂದಿದ್ದೆನಲ್ಲ ಗಂಗವ್ವಾ?”

“ಉಪವಾಸಾನ ಐತಲ್ರಿ. ನೈವೇದ್ಯಕ್ಕ ಯಾರರ ಊಟ ಅಂತಾರೇನು?”

ನನಗೆ ನಗು, ಜೊತೆಗೇ ಜೀವ ಬಂದಂತಾಯಿತು. ಜಿಡ್ಡು ಹೊಟ್ಟೆಗೆ ಬಿದ್ದರೆ ಪಿತ್ತಕೋಶ ಹಿಂಡಿಕೊಂಡು ಖಾಲಿಯಾಗುತ್ತದೆ. ಫಿಲ್ಮ್ ಬರಿದಾಗಲು ಅಷ್ಟೇ ಸಾಕು.

ಆ ಸಂಜೆ ಮತ್ತೆ ಮಾತ್ರೆ ಕೊಟ್ಟು, ಕಾಳ್ಯಾನನ್ನು ನನ್ನ ಕ್ವಾರ್ಟರ್ಸಿನಲ್ಲೇ ಕಟ್ಟಿಕೊಂಡೆ. ಮಂಗಳವಾರದ ಫಿಲ್ಮ್‌ನಲ್ಲಿ ಪೇರಲ ಹಣ್ಣಿನಂಥ ಬಿಳಿ ನೆರಳು, ಒಂದು ಚುಕ್ಕೆಯೂ ಇಲ್ಲ. ಜಿಡ್ಡಿಗೆಂದು ಮೊಟ್ಟೆಯ ಹಳದಿ ತಿನ್ನಿಸಿ ಇನ್ನೊಂದು ತೆಗೆದಾಗ ನೆರಳು ಚೆನ್ನಾಗಿ ಕುಗ್ಗಿತ್ತು. ಪಿತ್ತಕೋಶ ಪರ್ಫೆಕ್ಟ್. ಉಳಿದದ್ದು ಹೊಟ್ಟೆಯ ಉರಿಯೂತ; ಔಷಧಿ, ತೆಳು ಗಂಜಿಗೆ ಬಗ್ಗುವಂಥದ್ದು.

“ಹಂಗಾರ ಸೂಜಿ ಬ್ಯಾಡ್ರಿ?” ಎಂದ ಬೀರಪ್ಪ.

“ಬೇಡ.”

ಅವನು ರುಮಾಲಿನ ಚುಂಗಿನಿಂದ ಕಣ್ಣೊರೆಸಿಕೊಂಡ.

“ನಾಯಿಗೆ ಅಳ್ತೀ,” ಗಂಗವ್ವ ತಿವಿದಳು, “ನಾ ಹಡಿಯಾಕ ಹ್ವಾದಾಗ ಕುರಿ ಎಣಸ್ಕೋತ ಕುಂತಿದ್ದಿ.”

ತಿಂಗಳೊಳಗೆ ಕಾಳ್ಯಾ ಹಿಂಡಿನ ಹಿಂದೆ ಓಡಾಡುತ್ತಿತ್ತು.

ಅಂದಿನಿಂದ ನಾನು “ಏನಾದರೂ ತಿಂತೇ?” ಎಂದು ಯಾರನ್ನೂ ಕೇಳಲಿಲ್ಲ. “ಬಾಯಿಗೆ ಏನೇನು ಮುಟ್ಟಿಸಿದಿರಿ?” ಎಂದೇ ಕೇಳಿದೆ. ಎಕ್ಸ್-ರೇ ಒಳಗಿರುವುದನ್ನು ತೋರಿಸುತ್ತದೆ. ಅದು ಯಾಕೆ ಹಾಗಿದೆ ಎಂಬುದನ್ನು ಆ ಮನೆಯವರೇ ಹೇಳಬೇಕು.