ರಾಜಮ್ಮನ ತೋಳಿನ ಎರಡು ಗುರುತು

ರಾಜಮ್ಮ ರವಿಕೆಯ ಎಡತೋಳನ್ನು ಸದಾ ಒಂದು ಸುತ್ತು ಮೇಲಕ್ಕೆ ಮಡಚಿರುತ್ತಿದ್ದಳು. ಸಿಡುಬು ಬಾರದಿರಲೆಂದು ದಾಕು ಹಾಕಿಸಿಕೊಂಡ ಎರಡು ದುಂಡನೆಯ ಗುರುತು ಅಲ್ಲಿದ್ದವು. ಬೇರೆ ಹುಡುಗಿಯರು ಹೊಸ ಬಳೆ ತೋರಿಸುವಂತೆ ಅವಳು ಅವನ್ನು ತೋರಿಸುತ್ತಿದ್ದಳು.

ನಮ್ಮೂರಿನಿಂದ ಶಿಡ್ಲಘಟ್ಟದ ಹೈಸ್ಕೂಲಿಗೆ ನಡೆದು ಹೋಗುತ್ತಿದ್ದವರು ನಾವಿಬ್ಬರೇ. ನಮ್ಮದು ಹಿಪ್ಪುನೇರಳೆ ತೋಟ, ಎರಡು ಜೊತೆ ಎತ್ತು ಇದ್ದ ಮನೆ. ಅಕ್ಷರ ಕಂಡವನು ನಾನೇ ಮೊದಲು. ಅವಳು ಊರಾಚೆಯ ಕೇರಿಯವಳು. ಅವಳಪ್ಪ ಆಸ್ಪತ್ರೆಯ ಜವಾನ. ಅಲ್ಲಿ ಡಾಕ್ಟರು ಹೇಳಿದ್ದನ್ನೆಲ್ಲ ಮನೆಗೆ ತಂದು ಮುದ್ದೆಯ ಜೊತೆ ಮಕ್ಕಳಿಗೆ ಬಡಿಸುತ್ತಿದ್ದ. ಅವಳ ಮಾರ್ಕಿನ ಮೇಲೆ ನನಗೆ ಹೊಟ್ಟೆಕಿಚ್ಚಿರಲಿಲ್ಲ. ಅಂಥ ಅಪ್ಪನ ಮೇಲಿತ್ತು.

ದಾಕು ಹಾಕುವವನು ಊರಿಗೆ ಬಂದ ದಿನ ಅಜ್ಜಿ ನನ್ನನ್ನು ಹುಳುಮನೆಗೆ ನೂಕಿ, ರೇಷ್ಮೆಹುಳುಗಳ ತಟ್ಟೆಗಳ ಹಿಂದೆ ಕೂರಿಸಿದಳು. ಹುಳು ಪೊರೆ ಕಳಚುವ ಮುಂಚೆ ಮೇವು ಬಿಟ್ಟು ಮಲಗುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತೇವೆ. ಆಗ ಹೊರಗಿನವರು ಹೊಸಿಲು ದಾಟುವಂತಿಲ್ಲ. ನಾಲ್ಕನೇ ಜ್ವರ ಎಂದು ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. ಬಂದವನೂ ಈ ಸೀಮೆಯವನೇ, ಪಕ್ಕದ ಮನೆಗೆ ಹೊರಟ. ಬೀದಿಯಲ್ಲಿದ್ದ ರಾಜಮ್ಮ ಹೊರಡಲಿಲ್ಲ.

"ಅಮ್ಮಾರೇ, ಹುಳಕ್ಕೆ ರೋಗ ತಗಲಬಾರ್ದು ಅಂತ ಇಷ್ಟು ಕಾಯ್ತೀರಲ್ಲ, ಮೊಮ್ಮಗ ಹುಳಕ್ಕಿಂತ ಕಡೇನಾ?"

"ನಿಮ್ಮಪ್ಪ ಆಸ್ಪತ್ರೆ ಕಸ ಗುಡಿಸಿದ್ರೆ ನೀನು ಡಾಕ್ಟರಮ್ಮ ಆಗ್ಬಿಟ್ಯೇನೆ? ಸೂಜಿ ಚುಚ್ಚಿಸ್ಕೊಂಡ್ರೆ ಅಮ್ಮ ಮುನಿಸ್ಕೋತಾಳೆ, ಹೋಗೇ" ಎಂದಳು ಅಜ್ಜಿ. ಸಿಡುಬಿಗೆ ಊರಲ್ಲಿದ್ದ ಹೆಸರೇ ಅಮ್ಮ.

ನನಗಾಗ ಹದಿನೈದು. ಎದ್ದು ಬರಬಹುದಿತ್ತು, ಸೂಜಿಯ ಭಯವೂ ಇರಲಿಲ್ಲ. ಆದರೆ ರಾಜಮ್ಮನ ಮಾತು ಗೆದ್ದಿತೆಂದು ಅವಳೆದುರೇ ತೋಳು ಚಾಚುವುದೇ? ಕೂತೇ ಇದ್ದೆ.

ಆ ಬೇಸಿಗೆಯಲ್ಲಿ ಮೈತುಂಬ ಅಮ್ಮ ಎದ್ದಳು. ಜೀವ ಉಳಿಯಿತು, ಮುಖ ಉಳಿಯಲಿಲ್ಲ. ಸ್ಕೂಲು ಬಿಟ್ಟು ರೇಷ್ಮೆಗೂಡಿನ ವ್ಯಾಪಾರಕ್ಕಿಳಿದೆ. ಟವೆಲಿನಡಿ ಬೆರಳು ಹಿಡಿದು ಬೆಲೆ ಕುದುರಿಸುವಾಗ ಈ ಕುಳಿಬಿದ್ದ ಮುಖ ಓದಿ ನನ್ನನ್ನು ಸೋಲಿಸಿದವರಿಲ್ಲ. ವ್ಯಾಪಾರಸ್ಥನ ಒಂದು ಮಾತು ಕೇಳಿ: ಸರಕು ಒಳ್ಳೆಯದಿದ್ದರೆ ತಂದವರ ಮನೆ ಯಾವುದೆಂದು ನೋಡಬೇಡಿ. ಈ ಬುದ್ಧಿ ನನಗೆ ಬಹಳ ದುಬಾರಿಗೆ ಬಂತು.

ಮಗನಿಗೆ ಮೂರು ತಿಂಗಳಾದಾಗ, ಮನೆಯವರು ಅಳುತ್ತಿದ್ದರೂ ಕೇಳದೆ, ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಎತ್ತಿಕೊಂಡು ಹೋದೆ. ಬಿಳಿ ಸೀರೆಯ ನರ್ಸಮ್ಮ ತಿರುಗಿದಳು. ರಾಜಮ್ಮ. ಮುಖ ಹಾಗೇ, ಬೆಣ್ಣೆ ಸವರಿದಂತೆ.

"ಏನಪ್ಪ ನಾರಾಯಣಪ್ಪ, ಹುಳ ಎಷ್ಟನೇ ಜ್ವರಕ್ಕೆ ಕೂತವೆ?"

"ಗೂಡು ಕಟ್ಟಿ ಮುಗೀತು ಕಣಮ್ಮ. ನೀನೇ ಹಾಕು" ಎಂದೆ.

ಮಗು ಕಿರುಚಿತು. ಗಾಯಕ್ಕೆ ನೀರು ತಾಗಿಸಬೇಡ ಎಂದಳು, ಅಷ್ಟೇ. ಮುಂದಿನ ಸಲ ಹೋದಾಗ ಗೌರಿಬಿದನೂರಿಗೆ ವರ್ಗವಾಗಿದೆ ಎಂದರು. ಮತ್ತೆ ಕಾಣಲಿಲ್ಲ.

ಮಗನೀಗ ಶಾಲೆಗೆ ಹೋಗುತ್ತಾನೆ. ತೋಳಿನಲ್ಲಿ ಎರಡು ಗುರುತು, ಮುಖ ನುಣ್ಣಗೆ. ಅವನು ಕನ್ನಡಿಯೆದುರು ತಲೆ ಬಾಚುವಾಗ ನಾನು ಏನೋ ಕೆಲಸ ನೆನೆದು ಹಿತ್ತಲಿಗೆ ಹೋಗುತ್ತೇನೆ.