ಹಾರಾಟ ಕಲಿಸುವ ದರ

ಕೊಪ್ಪದಿಂದ ಶೃಂಗೇರಿಗೆ ಹೋಗುವ ಬಸ್ಸಿನಲ್ಲಿ ತಂಗಿಯ ಮಗಳು ವೀಣಾ ನನ್ನ ಪಕ್ಕ ಕೂತಿದ್ದಳು. ವಿಮಾನ ಕಂಪನಿಯಲ್ಲಿ ಪೈಲಟ್. ಇನ್ನು ಮೇಲೆ ರಜಾದಿನಗಳಲ್ಲಿ ಹೊಸಬರಿಗೆ ಸಣ್ಣ ವಿಮಾನ ಹಾರಿಸಲು ಕಲಿಸುತ್ತಾಳಂತೆ.

"ದೊಡ್ಡಮ್ಮ, ಗಂಟೆಗೆ ಎಷ್ಟು ಕೇಳ್ಲಿ? ಸಾವಿರ ಸಾಕಾ?"

ಕಲಿಯುವವನ ಕೈಯಲ್ಲಿ ವಿಮಾನ, ಪಕ್ಕದಲ್ಲಿ ದುಡಿದು ದಣಿದ ನಮ್ಮ ಹುಡುಗಿ. ಇದನ್ನು ಹೇಗಾದರೂ ತಪ್ಪಿಸಬೇಕು. ಬೇಡವೆಂದರೆ ಕೇಳುವವಳಲ್ಲ. ಪುಣೆ ಸೇರಿ ಎಷ್ಟು ವರ್ಷವಾದರೂ ನಾನು ಕೊಪ್ಪದವಳೇ. ಮಾರಲು ಮನಸ್ಸಿಲ್ಲದ ಹಸುವಿಗೆ ನಾವು ಇಲ್ಲ ಎನ್ನುವುದಿಲ್ಲ, ಯಾರೂ ಕೊಳ್ಳಲಾಗದ ಬೆಲೆ ಹೇಳುತ್ತೇವೆ.

"ಎಂತಕ್ಕೆ ಅಷ್ಟು ಕಡಿಮೆ? ಐದು ಸಾವಿರ ಕೇಳು ಮಾರಾಯ್ತಿ."

ಹರಿಹರಪುರದಲ್ಲಿ ಬಸ್ ನಿಂತಾಗ ಅವಳು ಕಲಿಸು ಎಂದು ಕೇಳಿದ್ದವನಿಗೆ ಫೋನ್ ಮಾಡಿ ದರ ಹೇಳಿಯೇಬಿಟ್ಟಳು. ಆ ಕಡೆಯವನು ಕೂಡಲೇ ಒಪ್ಪಿದ. ಇಷ್ಟು ಕೇಳುವವರು ಚೆನ್ನಾಗಿಯೇ ಕಲಿಸುತ್ತಾರೆಂದು ತನ್ನ ತಮ್ಮನನ್ನೂ ಸೇರಿಸಿದ.

ಅವಳು ಕಲಿಸಲು ಹೋದ ದಿನವೆಲ್ಲ ನನಗೆ ಊಟ ಇಳಿಯುವುದಿಲ್ಲ. ಅವಳು ಮಾತ್ರ, ದೊಡ್ಡಮ್ಮನಿಗೆ ವ್ಯಾಪಾರ ಚೆನ್ನಾಗಿ ಗೊತ್ತು ಎಂದು ನೆಂಟರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳೆ.