ಒಣಗಲು ಬರುವವರು

ವಿಂಡ್‌ವರ್ಡ್‌ಸೈಡ್ ಊರಿನಲ್ಲಿ ಬೆಟ್ಟದ ಮೆಟ್ಟಿಲು ಶುರುವಾಗುವ ಕಡೆ ಕೆಂಪು ಮಾಡಿನ ಒಂದು ಬಿಳಿ ಮನೆಯಿದೆ. ಅದು ಯುಲಾಲಿ ಹ್ಯಾಸೆಲ್‌ಳ ಮನೆ. ಅಂಗಳದಲ್ಲಿ ಅವಳ ಅಮ್ಮನ ಸಮಾಧಿ, ಅದರ ಪಕ್ಕ ಅಜ್ಜಿಯದು, ಅದರಾಚೆ ಇನ್ನೊಬ್ಬರಿಗಾಗುವಷ್ಟು ಖಾಲಿ ಜಾಗ. ಆ ಜಾಗದಲ್ಲಿ ಯುಲಾಲಿ ಸದ್ಯಕ್ಕೆ ಈರುಳ್ಳಿ ಸೊಪ್ಪು ಬೆಳೆಯುತ್ತಾಳೆ.

ನಮ್ಮ ಸಾಬಾ ದ್ವೀಪಕ್ಕೆ ಹೊರಗಿನವರು ಬರುವುದು ಸಮುದ್ರದೊಳಗೆ ಇಳಿಯಲಿಕ್ಕೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ವಾರವಿಡೀ ಮುಳುಗುತ್ತಾರೆ, ಏಳುತ್ತಾರೆ. ಆದರೆ ಕೊನೆಯ ಮುಳುಗಿಗೂ ವಿಮಾನಕ್ಕೂ ನಡುವೆ ಒಂದು ಹಗಲು ಬಿಡಬೇಕು. ಆಳದಲ್ಲಿ ರಕ್ತಕ್ಕೆ ಸೇರಿದ ಗಾಳಿ ಮೆಲ್ಲಗೆ ಬಿಟ್ಟು ಹೋಗಬೇಕಂತೆ. ಅವಸರ ಮಾಡಿದರೆ ಅದು ಗುಳ್ಳೆಯೆದ್ದು ಕೀಲು ಹಿಡಿಯುತ್ತದೆ, ಕೆಲವೊಮ್ಮೆ ಪ್ರಾಣವನ್ನೇ ತೆಗೆಯುತ್ತದೆ. ಆ ಒಂದು ಹಗಲು ಏನು ಮಾಡಬೇಕೆಂದು ಬಂದವರಿಗೆ ತೋಚುವುದಿಲ್ಲ. ಕಾಲಲ್ಲಿ ಕಸುವಿದ್ದವರು ಬೆಟ್ಟ ಹತ್ತುತ್ತಾರೆ. ಮಂಡಿ ನೋವಿನವರು, ದಣಿದವರು, ಒಬ್ಬರೇ ಬಂದವರು ಯುಲಾಲಿಯ ಜಗಲಿಗೆ ಬರುತ್ತಾರೆ. ಅಲ್ಲಿ ಊಟ ಸಿಗುತ್ತದೆ. ಬಟ್ಟೆಯ ಎಳೆ ಬಿಡಿಸಿ ತೆಗೆದು, ಉಳಿದ ಎಳೆಗಳನ್ನು ಸೂಜಿಯಲ್ಲಿ ಬಿಗಿದು ಹೂವು ಮೂಡಿಸುವ ಅವಳ ಕಸೂತಿಯನ್ನು ನೋಡುತ್ತಾ ಕೂರಬಹುದು. ಮಾತಾಡಬೇಕೆನಿಸಿದರೆ ಅವಳು ಕೇಳುತ್ತಾಳೆ.

ಅವರನ್ನು ಕರೆತರುವವನು ಡೆನ್ಝಿಲ್, ಯುಲಾಲಿಯ ಚಿಕ್ಕಪ್ಪನ ಮಗ. ಟ್ಯಾಕ್ಸಿ ಓಡಿಸುತ್ತಾನೆ. ಬೇಲಿಯಾಚೆಯಿಂದಲೇ ಕೂಗುವುದು ಅವನ ಅಭ್ಯಾಸ.

"ಕಸಿನ್ ಯುಲಾಲಿ! ಇವತ್ತು ಎರಡು ತಂದಿದೀನಿ. ಚೆನ್ನಾಗಿ ನೆಂದಿವೆ. ಉಪ್ಪುಮೀನಿನ ಥರ ಹಗ್ಗಕ್ಕೆ ಹಾಕ್ಬಿಡು."

"ಮೊದಲು ನಿನ್ನನ್ನ ಹಾಕ್ತೀನಿ ಬಾ. ನಿನ್ನೆ ಕುಡಿದದ್ದು ಇನ್ನೂ ತೊಟ್ಟಿಕ್ತಾ ಇದೆ."

ಹೀಗೆ ಆ ಅತಿಥಿಗಳಿಗೆ ಊರಲ್ಲಿ 'ಒಣಗೋರು' ಎಂದೇ ಹೆಸರು ಬಿತ್ತು.

ಯುಲಾಲಿ ಸಮುದ್ರಕ್ಕೆ ಕಾಲಿಟ್ಟವಳಲ್ಲ. ಈ ದ್ವೀಪದ ಸುತ್ತ ಬರೀ ಬಂಡೆ, ಆಡಲು ಮರಳ ದಂಡೆಯಿಲ್ಲ. ಅವಳಿಗೆ ಸಮುದ್ರವೆಂದರೆ ಕಿಟಕಿಯ ಕೆಳಗಿನ ಅರ್ಧ. ಒಳಗಿನದೆಲ್ಲ ಒಣಗೋರು ಹೇಳಿ ಗೊತ್ತು. ಮೊದಲು ಅವರು ಆಮೆಯ ಸುದ್ದಿ, ಹವಳದ ಸುದ್ದಿ ಹೇಳುತ್ತಾರೆ. ಊಟವಾಗಿ, ಸೋಂಪು ಲವಂಗ ಹಾಕಿ ಅವಳೇ ಕಾಯಿಸಿದ ಮಸಾಲೆ ರಮ್ಮಿನ ಪುಟ್ಟ ಲೋಟ ಕೈಗೆ ಬಂದ ಮೇಲೆ ಬೇರೆ ಮಾತು ಬರುತ್ತದೆ. ಬಿಟ್ಟು ಹೋದ ಗಂಡ, ಮಾತಾಡದ ಮಗಳು, ಯಾರಿಗೂ ಹೇಳದ ಕಾಯಿಲೆ. ನಾಳೆ ಹಾರಿ ಹೋಗುವವರಲ್ಲವೇ, ಇವಳ ಹತ್ತಿರ ಬಿಚ್ಚಿಟ್ಟರೆ ಅವರಿಗೆ ಭಯವಿಲ್ಲ.

ಮಲಗುವ ಮುಂಚೆ ಮಂಡಿಯೂರಿ ಅವರೆಲ್ಲರಿಗಾಗಿ ಅವಳು ಪ್ರಾರ್ಥಿಸುತ್ತಾಳೆ. ಹೆಸರುಗಳು ನೆನಪಿರುವುದಿಲ್ಲ. "ಕೆಂಪು ಟೋಪಿಯ ಆ ಹೆಂಗಸು, ಕೆಮ್ಮುತ್ತಿದ್ದ ಆ ದೊಡ್ಡ ಮನುಷ್ಯ" ಎನ್ನುತ್ತಾಳೆ. ದೇವರಿಗೆ ಗುರುತು ಸಿಕ್ಕೀತು ಎಂಬ ನಂಬಿಕೆ. ಎಲ್ಲೋ ದೂರದಲ್ಲಿ ಯಾರಾದರೂ 'ಜಗಲಿಯ ಆ ಹೆಂಗಸು' ಎಂದು ತನ್ನನ್ನೂ ನೆನೆಯುತ್ತಾರೆಯೇ ಎಂದು ಒಮ್ಮೊಮ್ಮೆ ಅನಿಸುತ್ತದೆ. ಆಗ ಬೇಗ ಆಮೆನ್ ಹೇಳಿ ದೀಪ ಆರಿಸಿಬಿಡುತ್ತಾಳೆ.

ಎರಡನೆಯ ಸಲ ಬಂದವನು ಹಾರ್ಮೆನ್ ಒಬ್ಬನೇ. ಎರಡನೆಯ ಸಲ, ಮೂರನೆಯ ಸಲ, ಆಮೇಲೆ ಪ್ರತಿ ಜನವರಿ.

ಹಾಲೆಂಡಿನಲ್ಲಿ ಅವನದು ಕನ್ನಡಕದ ಅಂಗಡಿ. ಹೆಂಡತಿ ತೀರಿಕೊಂಡ ಮೇಲೆ ಮುಳುಗುವುದನ್ನು ಕಲಿತವನು. ಮೊದಲ ಸಲ ಬಂದಾಗ ಹೆಚ್ಚು ಮಾತಾಡಲಿಲ್ಲ. ಯುಲಾಲಿ ಕಸೂತಿಯ ಬಟ್ಟೆಯನ್ನು ಕೈ ನೀಳ ಮಾಡಿ ದೂರ ಹಿಡಿದದ್ದನ್ನೇ ನೋಡುತ್ತಿದ್ದ. ಎದ್ದು ಹೋಗುವಾಗ, "ಮಿಸ್ ಯುಲಾಲಿ, ನಿಮ್ಮ ಹತ್ತಿರ ಸಣ್ಣ ಅಕ್ಷರದ ಪುಸ್ತಕ ಇದೆಯಾ?" ಎಂದು ಕೇಳಿದ. ಅವಳು ಅಮ್ಮನ ಹಳೆಯ ಬೈಬಲ್ ತಂದು ಕೀರ್ತನೆಗಳ ಭಾಗ ತೆರೆದಳು. "ಓದಿ," ಎಂದ. ಅವಳು ಓದಿದಳು. ಅವನು ಕೀರ್ತನೆಯನ್ನು ಕೇಳಲಿಲ್ಲ, ಅವಳ ಕಣ್ಣಿಗೂ ಪುಟಕ್ಕೂ ನಡುವಿನ ದೂರವನ್ನು ನೋಡಿದ. ಮುಂದಿನ ಜನವರಿಯಲ್ಲಿ ಒಂದು ಕನ್ನಡಕ ತಂದ.

ಅಂದಿನಿಂದ ಅದೇ ಪದ್ಧತಿ. ಶನಿವಾರ ಅವನು ಒಣಗಲು ಬರುವುದು. ಮೇಕೆ ಮಾಂಸದ ಸಾರು, ಬೇಯಿಸಿದ ದೀವಿಹಲಸು. ಊಟವಾದ ಮೇಲೆ "ಓದಿ." ಎರಡು ಮೂರು ವರ್ಷಕ್ಕೊಮ್ಮೆ ಗಾಜು ಬದಲಾಗುತ್ತದೆ, ಉಳಿದ ವರ್ಷ ಅವನು ಜೇಬಿನಿಂದ ಪುಟ್ಟ ತಿರುಪುಳಿ ತೆಗೆದು ಕನ್ನಡಕದ ಕಾಲುಗಳನ್ನು ಬಿಗಿ ಮಾಡಿ, ಒರೆಸಿ, ತಾನೇ ಅವಳ ಮೂಗಿನ ಮೇಲೆ ಇಟ್ಟು, ಸ್ವಲ್ಪ ಹಿಂದೆ ಸರಿದು ನೋಡುತ್ತಾನೆ. ಅಷ್ಟು ಹೊತ್ತು ಅವಳನ್ನು ನೋಡುವವರು ವರ್ಷದಲ್ಲಿ ಬೇರೆ ಯಾರೂ ಇಲ್ಲ. ಆ ನೋಟಕ್ಕೆ ಅವಳು ಹೆಸರಿಟ್ಟಿರಲಿಲ್ಲ. ಕ್ರಿಸ್‌ಮಸ್ ಮುಗಿಯುತ್ತಲೇ ಜಗಲಿಯ ಕುರ್ಚಿಗೆ ಬಣ್ಣ ಹಚ್ಚುತ್ತಿದ್ದಳು, ಅಷ್ಟೇ.

ಈ ಜನವರಿಯ ಸೋಮವಾರ ಡೆನ್ಝಿಲ್ ಬೇಲಿಯಾಚೆ ಕೂಗಿದ: "ಕಸಿನ್, ನಿನ್ನ ಕನ್ನಡಕದ ಸಾಹೇಬ ಬಂದಿಳಿದ!"

"ಬರಲಿ ಬಿಡು. ಅವನೇನು ನನ್ನವನಾ?" ಎಂದು ಹೇಳಿ ಅವಳು ಒಳಗೆ ಹೋಗಿ ಒಳ್ಳೆಯ ಮೇಜುಬಟ್ಟೆ ಹುಡುಕಿದಳು.

ಬುಧವಾರ ಬಂದಾಗ ಡೆನ್ಝಿಲ್ ಕೂಗಲಿಲ್ಲ. ಗೇಟು ತೆರೆದು ಒಳಗೆ ಬಂದ. ಅದು ಒಳ್ಳೆಯ ಲಕ್ಷಣವಲ್ಲ.

"ಅವನು ದೋಣಿ ಹತ್ತುತ್ತಾ ಇಲ್ಲ, ಕಸಿನ್. ದಿನಾ ಬೆಳಿಗ್ಗೆ ನಾನೇ ಬಂದರಿಗೆ ಬಿಡ್ತೀನಿ. ಗೋಡೆ ಪಕ್ಕ ಕೂರ್ತಾನೆ. ದೋಣಿ ಹೋಗೋದು ನೋಡ್ತಾನೆ, ಬರೋದು ನೋಡ್ತಾನೆ. ಸಾಯಂಕಾಲ ನಾನೇ ವಾಪಸ್ ತರ್ತೀನಿ."

"ಯಾಕಂತೆ?"

"ಎದೆ ಬಡಿತ ತಾಳ ತಪ್ಪಿದೆಯಂತೆ. ನೀರೊಳಗೆ ಇಳಿದ್ರೆ ಮೇಲೆ ಬರಲ್ಲ ಅಂದಿದಾರೆ ಡಾಕ್ಟ್ರು. ಇನ್ಮೇಲೆ ಯಾವತ್ತೂ ಇಲ್ಲ."

ಡೆನ್ಝಿಲ್ ಹೋದ ಮೇಲೆ ಯುಲಾಲಿ ಸೂಜಿ ಹಿಡಿದಳು, ಹೊಲಿಯಲಿಲ್ಲ. ಮೊದಲು ಅವನ ಎದೆಗಾಗಿ ಮರುಕ ಬಂತು, ನಿಜ. ಆದರೆ ಅದರ ಬೆನ್ನಿಗೇ ಬಂದದ್ದು ಬೇರೆ ಯೋಚನೆ, ಅದಕ್ಕೆ ಅವಳಿಗೇ ನಾಚಿಕೆಯಾಯಿತು. ನೆನೆಯದವನು ಒಣಗಬೇಕಿಲ್ಲ. ಅವನು ಬೇಕೆಂದ ದಿನ ವಿಮಾನ ಹತ್ತಬಹುದು. ಶನಿವಾರ ಇಲ್ಲಿಗೆ ಬರಲೇಬೇಕೆಂಬ ಕಾರಣ ಯಾವುದೂ ಇಲ್ಲ. ಇನ್ನೊಂದು ಮಾತು ಮುಳ್ಳಿನಂತೆ ಚುಚ್ಚುತ್ತಿತ್ತು: ವಾರವಿಡೀ ಅವನಿಗೆ ಬಿಡುವು, ಕೂರಲು ಬಂದರಿನ ಕಲ್ಲುಗೋಡೆ ಸಾಕೆನಿಸಿದೆ, ಈ ಜಗಲಿ ನೆನಪಾಗಿಲ್ಲ.

ಗುರುವಾರ ಚರ್ಚಿನಲ್ಲಿ ವೇದಿಕೆಯ ಬಟ್ಟೆ ಬದಲಿಸುವ ಸರದಿ ಅವಳದು. ಇಸ್ತ್ರಿ ಮಾಡಿದ ಬಟ್ಟೆ ಹಾಸಿ, ಸುಕ್ಕು ಸವರಿ, ಅಲ್ಲೇ ಮುಂದಿನ ಬೆಂಚಿನಲ್ಲಿ ಕೂತಳು. ಅವನು ಬರಲಿ ಎಂದು ಕೇಳಿಕೊಳ್ಳಲು ಬಾಯಿ ಬರಲಿಲ್ಲ. ತನಗಾಗಿ ಕೇಳಿ ಅವಳಿಗೆ ಅಭ್ಯಾಸವಿರಲಿಲ್ಲ. "ನಿನಗೆ ಗೊತ್ತೇ ಇದೆ" ಎಂದಷ್ಟೇ ಹೇಳಿ ಎದ್ದಳು.

ಶುಕ್ರವಾರ ಡೆನ್ಝಿಲ್ ಕೇಳಿದ: "ಬಂದರಿಗೆ ಕರ್ಕೊಂಡು ಹೋಗ್ಲಾ? ನೀನೇ ಹೋಗಿ ಮಾತಾಡಿಸು."

"ನನಗೇನು ಬಂದರಲ್ಲಿ ಕೆಲಸ? ಜನ ಏನಂದಾರು?"

"ಜನ ಅಂದ್ರೆ ಯಾರು? ಎಲ್ಲಾ ನಮ್ಮ ಕಸಿನ್‌ಗಳೇ. ಅನ್ನೋದನ್ನ ಆಗಲೇ ಅಂದಾಗಿದೆ."

ಅವಳು ಹೋಗಲಿಲ್ಲ. ಮೇಕೆ ಮಾಂಸ ಮಾತ್ರ ತರಿಸಿದಳು.

ಶನಿವಾರ, ಎಂದಿನ ಹೊತ್ತಿಗೇ, ಗೇಟಿನ ಸದ್ದಾಯಿತು. ಹಾರ್ಮೆನ್ ನಿಂತಿದ್ದ. ಸೊರಗಿದ್ದ. ತಲೆಗೂದಲು ಒದ್ದೆಯಾಗಿತ್ತು, ಅಂಗಿಯ ಕಾಲರಿನ ಮೇಲೆ ಹನಿಗಳಿದ್ದವು, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಚೀಲ.

"ಮಿಸ್ ಯುಲಾಲಿ, ಒಣಗೋಕೆ ಬಂದಿದೀನಿ."

"ಬನ್ನಿ ಮಿಸ್ಟರ್ ಹಾರ್ಮೆನ್. ಕುರ್ಚಿ ಕಾದಿದೆ."

ಅವನು ಹತ್ತಿರ ಬಂದಾಗ ಹೋಟೆಲಿನ ಸೋಪಿನ ವಾಸನೆ ಬಂತು. ಉಪ್ಪಿನ ವಾಸನೆ ಇರಲಿಲ್ಲ. ನೀರಿನಿಂದ ಎದ್ದು ಬಂದವರ ಹಣೆ ಕೆನ್ನೆಗಳ ಸುತ್ತ ಗಾಜಿನ ಮುಖವಾಡ ಒತ್ತಿದ ಕೆಂಪು ಗೆರೆ ಉಳಿದಿರುತ್ತದೆ, ಅದೂ ಇರಲಿಲ್ಲ. ಕೂತವನೇ ಆಮೆಯ ಕಥೆ ಶುರುಮಾಡಿದ. ಹೇಗೆ ಅದು ಬಂಡೆಯ ಸಂದಿಯಲ್ಲಿ ಮಲಗಿತ್ತು, ಹೇಗೆ ಒಂದೇ ಕಣ್ಣು ತೆರೆದು ಇವನನ್ನು ನೋಡಿ ಮತ್ತೆ ಮುಚ್ಚಿತು. ಹೋದ ವರ್ಷದ ಆಮೆ. ಯುಲಾಲಿ ದೀವಿಹಲಸು ಬಡಿಸುತ್ತಾ ಎಲ್ಲೂ ತಡೆಯದೆ ಕೇಳಿದಳು. ಕಣ್ಣು ಮುಚ್ಚಿದ ಜಾಗಕ್ಕೆ ಬಂದಾಗ ಹೋದ ವರ್ಷದಂತೆಯೇ ನಕ್ಕಳು ಕೂಡ.

ಊಟವಾಯಿತು. ಅವನು "ಓದಿ" ಎಂದ. ಅವಳು ಓದಿದಳು. ಅವನು ಬಹಳ ಹೊತ್ತು ನೋಡಿ ಚೀಲದಿಂದ ಒಂದು ಡಬ್ಬಿ ತೆಗೆದ. ಹೊಸ ಕನ್ನಡಕ. ಅವಳ ಮೂಗಿನ ಮೇಲಿಟ್ಟ, ಹಿಂದೆ ಸರಿದು ನೋಡಿದ. ಆಮೇಲೆ ಇನ್ನೊಂದು ಡಬ್ಬಿ ತೆಗೆದ. ಅದರ ಮೇಲೊಂದು.

"ಇದು ಎರಡು ವರ್ಷ ಬಿಟ್ಟು ಹಾಕ್ಕೊಳ್ಳಿ. ಆಗ ಈಗ ಹಾಕಿರೋದು ಸಾಲದು ಅನ್ಸುತ್ತೆ. ಇದು ಅದಾದ ಮೇಲೆ. ಒಂದು ಅಂದಾಜಿನ ಮೇಲೆ ಮಾಡಿದೀನಿ, ಸ್ವಲ್ಪ ಆಚೀಚೆ ಇದ್ರೂ..."

ಮೇಜಿನ ಮೇಲೆ ಎರಡು ಡಬ್ಬಿ. ಅವಳಿಗೆ ಅರ್ಥವಾಯಿತು. ತಾನು ಬಾರದ ವರ್ಷಗಳನ್ನು ಅವನು ಮುಂಚೆಯೇ ತಂದುಕೊಟ್ಟು ಹೋಗುತ್ತಿದ್ದಾನೆ. ಹೊಸ ಗಾಜಿನಲ್ಲಿ ಎಲ್ಲವೂ ತೀರಾ ಸ್ಪಷ್ಟವಾಗಿ ಕಾಣುತ್ತಿತ್ತು: ಅವನ ಕೈಯ ನರ, ಕಾಲರಿನ ಮೇಲೆ ಒಣಗಿ ಹೋದ ಹನಿಯ ಗುರುತು.

"ನಿಮ್ಮ ಮುಖದ ಮೇಲೆ ಗೆರೆ ಇಲ್ಲ, ಮಿಸ್ಟರ್ ಹಾರ್ಮೆನ್," ಎಂದಳು.

ಅವನು ಕೆನ್ನೆ ಮುಟ್ಟಿಕೊಂಡ. ಕಿವಿಯವರೆಗೂ ಕೆಂಪಾದ.

"ಡೆನ್ಝಿಲ್ ಹೇಳಿದ್ನಾ?"

"ಡೆನ್ಝಿಲ್ ಹೇಳದೇ ಉಳಿದದ್ದು ಈ ದ್ವೀಪದಲ್ಲಿ ಏನಿದೆ?"

"ಮತ್ತೆ ಆಮೆ ಕಥೆ ಪೂರ್ತಿ ಕೇಳಿದ್ರಲ್ಲಾ!"

"ಹೋದ ವರ್ಷಕ್ಕಿಂತ ಈ ಸಲ ಚೆನ್ನಾಗಿ ಹೇಳಿದ್ರಿ."

ಅವನು ನಗಲು ನೋಡಿದ, ಆಗಲಿಲ್ಲ. ಅಂಗಳದ ಸಮಾಧಿಗಳ ಕಡೆ ಮುಖ ಮಾಡಿ ಕೂತ. ಬೆಟ್ಟದ ಮೇಲಿನ ಮಂಜು ಬಾಳೆಗಿಡಗಳವರೆಗೆ ಇಳಿದಿತ್ತು.

"ಇಷ್ಟು ದಿನ ಬಂದರಲ್ಲಿ ಯಾಕೆ ಕೂತ್ರಿ?" ಯುಲಾಲಿ ಕೇಳಿದಳು.

"ಶನಿವಾರ ಬರೋತನಕ ಎಲ್ಲಾದ್ರೂ ಕೂರಬೇಕಿತ್ತಲ್ಲ."

"ಇಲ್ಲಿ ಕುರ್ಚಿ ಇರ್ಲಿಲ್ವಾ?"

"ನೀವು ಕರೆದದ್ದು ಒಣಗೋರನ್ನ, ಮಿಸ್ ಯುಲಾಲಿ. ನಾನು ನೆಂದೇ ಇರ್ಲಿಲ್ಲ."

ಅವಳಿಗೆ ಉತ್ತರ ಗೊತ್ತಿತ್ತು. ಒದ್ದೆಯೋ ಒಣವೋ, ಸೋಮವಾರವೇ ಬರಬಹುದಿತ್ತು, ಮುಂದೆಯೂ ಬರಬಹುದು. ಆದರೆ ಇಷ್ಟು ವರ್ಷ ಬೇರೆಯವರ ಮಾತು ಕೇಳಿ ಕೇಳಿ, ತನ್ನದೊಂದು ಮಾತನ್ನು ಹೇಗೆ ಶುರುಮಾಡಬೇಕೆಂಬುದೇ ಅವಳಿಗೆ ಮರೆತಂತಾಗಿತ್ತು. ಕೈ ಮಾತ್ರ ಮುಂದೆ ಹೋಯಿತು. ಎರಡು ಡಬ್ಬಿಗಳನ್ನೂ ಎತ್ತಿ ಅವನ ಚೀಲದೊಳಗೆ ಇಟ್ಟು, ಜಿಪ್ ಎಳೆದಳು.

"ಅಂದಾಜಿನ ಕನ್ನಡಕ ನಂಗೆ ಬೇಡ. ನೀವೇ ಬಂದು, ನಾನು ಓದೋದು ನೋಡಿ ಕೊಡಿ."

ಅವನು ಚೀಲವನ್ನು ನೋಡಿದ. ಅದನ್ನು ಹೆಗಲಿಗೇರಿಸಿಕೊಂಡ. ಎದ್ದು ಟೋಪಿ ಹಾಕಿಕೊಂಡ. ಡೆನ್ಝಿಲ್ ಹಾರ್ನ್ ಹೊಡೆದ. ಗೇಟಿನ ಹತ್ತಿರ ನಿಂತು ಹಾರ್ಮೆನ್, "ಸಾರಿಗೆ ಈ ಸಲ ಉಪ್ಪು ಜಾಸ್ತಿ ಆಗಿತ್ತು," ಎಂದ.

"ನಿಮ್ಮಲ್ಲಿ ಕಮ್ಮಿ ಇತ್ತು, ಸರಿಹೋಯ್ತು," ಎಂದಳು ಯುಲಾಲಿ. ಆಗ ಅವನು ನಕ್ಕ.

ಭಾನುವಾರ ಆರಾಧನೆಯ ನಡುವೆ ಪುಟ್ಟ ವಿಮಾನ ಚರ್ಚಿನ ಮೇಲೆ ಹಾದುಹೋಯಿತು. ಎಲ್ಲರೂ ಹಾಡುತ್ತಿದ್ದರು. ಸದ್ದು ಸಮುದ್ರದ ಮೇಲೆ ಕರಗುವವರೆಗೆ ಯುಲಾಲಿಯ ತುಟಿಗಳು ಅಲುಗಿದವೇ ಹೊರತು ದನಿ ಬರಲಿಲ್ಲ.

ಮನೆಗೆ ಬಂದವಳು ಟೋಪಿಯನ್ನೂ ತೆಗೆಯದೆ ಹುಡುಕತೊಡಗಿದಳು. ಕುರ್ಚಿಯ ಕೆಳಗೆ, ಕಟಕಟೆಯ ಮೂಲೆಯಲ್ಲಿ, ಹೂಕುಂಡಗಳ ಹಿಂದೆ, ಗೇಟಿನ ಪಕ್ಕದ ಕಲ್ಲಿನ ಮೇಲೆ. ಹೊರಡುವಾಗ ಅವನು ಕಣ್ತಪ್ಪಿಸಿ ಆ ಡಬ್ಬಿಗಳನ್ನು ಎಲ್ಲಾದರೂ ಇಟ್ಟಿರಬಹುದು. ಹೇಳದೆ ಇಟ್ಟುಹೋಗುವ ಸ್ವಭಾವ ಅವನದು. ಇಟ್ಟಿದ್ದರೆ ಇನ್ನು ಬರುವುದಿಲ್ಲ ಎಂದರ್ಥ. ಕೊನೆಗೆ ಸಮಾಧಿಗಳ ಸುತ್ತ ಬಗ್ಗಿ, ಈರುಳ್ಳಿ ಸೊಪ್ಪನ್ನು ಸರಿಸಿ ನೋಡುತ್ತಿದ್ದಾಗ ಡೆನ್ಝಿಲ್ ಬಂದು ಬೇಲಿಗೆ ಒರಗಿದ.

"ಏನು ಕಳ್ಕೊಂಡೆ ಕಸಿನ್?"

"ಏನೂ ಇಲ್ಲ."

"ಮತ್ತೆ ಏನು ಹುಡುಕ್ತಾ ಇದೀಯ?"

"ಇಲ್ಲ ಅಂತ ನೋಡ್ಕೋತಾ ಇದೀನಿ."

ಅವನು ತಲೆ ಕೆರೆದುಕೊಂಡು ಹೊರಟುಹೋದ. ಅವಳು ಇನ್ನೊಮ್ಮೆ ಎಲ್ಲ ಕಡೆ ನೋಡಿದಳು. ಇರಲಿಲ್ಲ. ಒಳಗೆ ಹೋಗಿ ಹೊಸ ಕನ್ನಡಕ ಹಾಕಿಕೊಂಡು, ಜಗಲಿಯ ಎರಡು ಕುರ್ಚಿಗಳಲ್ಲಿ ತನ್ನದರಲ್ಲಿ ಕೂತು, ಬುಧವಾರ ಬಿಟ್ಟಿದ್ದ ಎಳೆಯನ್ನು ಹುಡುಕಿ ಸೂಜಿಗೆ ಪೋಣಿಸಿದಳು.